ಅರ್ಧಕ್ಕೆ ನಿಂತ ಗ್ಲಾಸು

ಆ ಕೇಣಿದಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ತೋಟಗಳ ಹಸಿ ಅಡಿಕೆಯನ್ನು ಗುತ್ತಿಗೆ ಹಿಡಿದು, ಕೊಯ್ಯಿಸಿ, ಬೇಯಿಸಿ, ಒಣಗಿಸಿ ಮಾರುವುದು ಅವರ ಕಸುಬು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ನನ್ನ ಗ್ಯಾರೇಜಿನೊಳಗೆ ಅವರು ಯಾವತ್ತೂ ಗಾಡಿ ತಂದವರಲ್ಲ. ರಸ್ತೆಯಲ್ಲೇ ನಿಲ್ಲಿಸಿ ಹಾರನ್ ಹೊಡೆಯುತ್ತಾರೆ, ನಾವು ಕೈ ಒರೆಸಿಕೊಂಡು ಓಡಿ ಹೋಗಬೇಕು. ಅವತ್ತೂ ಹಾರನ್ ಹೊಡೆದರು. ನಾನು ಹಿಡಿದಿದ್ದ ಕಾರ್ಬೊರೇಟರನ್ನು ಬಿಡಲಿಲ್ಲ.

"ಏನಪ್ಪಾ, ಕಿವಿ ಕೇಳಲ್ವಾ ನಿಂಗೆ?" ಎನ್ನುತ್ತಾ ಅವರೇ ಇಳಿದು ಬಂದರು. "ಗ್ಲಾಸು ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ. ಅರ್ಧಕ್ಕೆ ನಿಂತೈತೆ. ಬಂದು ನೋಡು."

ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟ ದೊಡ್ಡ ವಿದೇಶಿ ಬೈಕು ಅದು. ಮುಂದೆ ಎದೆಯೆತ್ತರದ ಪಾರದರ್ಶಕ ಹಲಗೆ. ಪ್ಲಾಸ್ಟಿಕ್ಕಿನದಾದರೂ ಎಲ್ಲರೂ ಅದನ್ನು ಗ್ಲಾಸು ಅಂತಲೇ ಕರೆಯುತ್ತಿದ್ದರು. ಎಡಗೈ ಹಿಡಿಕೆಯ ಹತ್ತಿರದ ಬಟನ್ ಒತ್ತಿದರೆ ಮೋಟರು ತಿರುಗಿ ಗ್ಲಾಸು ಏರುತ್ತದೆ, ಇನ್ನೊಂದು ಕಡೆ ಒತ್ತಿದರೆ ಇಳಿಯುತ್ತದೆ. ಸೀಸನ್ನಿನಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ದಿನವಿಡೀ ಸುತ್ತುವ ಮನುಷ್ಯನಿಗೆ ಅದರ ಉಪಯೋಗ ಇತ್ತು, ಇಲ್ಲವೆನ್ನುವುದಿಲ್ಲ. ಜಗಳೂರು ಕಡೆಯ ಬಯಲು ರಸ್ತೆಯ ಗಾಳಿಗೆ ಮುಖ ಕೊಟ್ಟು ಓಡಿಸಿ ನೋಡಿದವರಿಗೆ ಗೊತ್ತು.

ಆದರೆ ಅದು ಅರ್ಧಕ್ಕೆ ನಿಲ್ಲಬಾರದು. ಪೂರ್ತಿ ಕೆಳಗಿದ್ದರೆ ಅದರ ಮೇಲಿಂದ ನೋಡಿಕೊಂಡು ಓಡಿಸಬಹುದು, ಪೂರ್ತಿ ಮೇಲಿದ್ದರೆ ಅದರ ಮೂಲಕ ನೋಡಬಹುದು. ಅರ್ಧದಲ್ಲಿ ನಿಂತರೆ ಅದರ ಅಂಚು ಸರಿಯಾಗಿ ಕಣ್ಣಿಗೆ ಅಡ್ಡ ಬಂದು, ಎದುರಿನ ಟ್ರ್ಯಾಕ್ಟರು ಎರಡು ತುಂಡಾಗಿ ಕಾಣುತ್ತದೆ. ಇದನ್ನು ಹೇಳಿ, ಈಗಲೇ ಬಿಟ್ಟು ಹೋಗಿ ಅಂದೆ. ಬಿಟ್ಟು ಹೋದರು.

ಬ್ಯಾಟರಿಯ ನೆಗೆಟಿವ್ ತೆಗೆದು, ಗ್ಲಾಸಿನ ನಾಲ್ಕು ಸ್ಕ್ರೂ ಬಿಚ್ಚಿ, ಮುಂದಿನ ಪ್ಲಾಸ್ಟಿಕ್ ಕವಚದ ಲಾಕುಗಳನ್ನು ಒಂದೊಂದಾಗಿ ಬಿಡಿಸಿದೆ. ಈ ಲಾಕುಗಳು ಬಹಳ ಹಾಳು. ಯಾವ ಕಡೆಯಿಂದ ಎಬ್ಬಬೇಕೆಂದು ತಿಳಿಯದೆ ಎಳೆದರೆ ಪಟ್ಟನೆ ಮುರಿಯುತ್ತವೆ, ಮತ್ತೆ ಸಿಗುವುದಿಲ್ಲ. ಒಳಗೆ ಗ್ಲಾಸು ಜಾರುವ ಎರಡು ಹಳಿಗಳು, ನಡುವೆ ಮುಷ್ಟಿಯಷ್ಟು ಮೋಟರು, ಅದರಿಂದ ಎರಡೂ ಹಳಿಗಳಿಗೆ ಹೋಗುವ ತಿರುಗುವ ಕೇಬಲ್ಲು. ವಯರು ಕೊಟ್ಟರೆ ಮೋಟರು ಗುಂಯ್ ಅನ್ನುತ್ತಿತ್ತು, ಕೇಬಲ್ಲು ಮಾತ್ರ ತಿರುಗುತ್ತಿರಲಿಲ್ಲ. ಅಂದರೆ ಮೋಟರು ಸರಿ ಇದೆ, ನಡುವೆ ಏನೋ ಹೋಗಿದೆ. ಗೇರಿನ ಡಬ್ಬಿ ಬಿಚ್ಚಿದಾಗ ಒಳಗಿನ ನೈಲಾನ್ ಗೇರಿನ ಒಂದು ಪಕ್ಕದ ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು. ಗ್ರೀಸು ಬೂದು ಬಣ್ಣಕ್ಕೆ ತಿರುಗಿತ್ತು. ಜಗಳೂರು ರಸ್ತೆಯ ಧೂಳು ಅಂದುಕೊಂಡು ಒರೆಸಿ ಹಾಕಿದೆ.

ಕಂಪನಿಯವರು ಆ ಗೇರೊಂದನ್ನೇ ಕೊಡುವುದಿಲ್ಲ. ಕೊಟ್ಟರೆ ಮೋಟರು, ಹಳಿ ಎಲ್ಲ ಸೇರಿದ ಇಡೀ ಸೆಟ್ಟು ಕೊಡುತ್ತಾರೆ, ಅದು ಬರುವಷ್ಟರಲ್ಲಿ ಸೀಸನ್ನೇ ಮುಗಿಯುತ್ತದೆ. ಅದೇ ಅಳತೆಯ ಬೇರೆ ಗೇರು ತರಿಸಿ ಹಾಕುತ್ತೇನೆ, ಇದು ಕಂಪನಿಯದಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದವರು ತಲೆ ಆಡಿಸಿದರು. ಗೇರು ಬಂತು, ಹಾಕಿದೆ, ಗ್ಲಾಸು ಏರಿತು, ಇಳಿಯಿತು. ಬಿಚ್ಚಿದ ಹಳೇ ಸಾಮಾನನ್ನು ಗಿರಾಕಿಯ ಕೈಗೇ ಕೊಡುವುದು ನನ್ನ ಪದ್ಧತಿ. ಸವೆದ ಗೇರನ್ನು ಕವರಿನಲ್ಲಿ ಹಾಕಿ ಕೊಟ್ಟೆ. "ಆ ಕಸ ತಗೊಂಡ್ ನಾನೇನ್ ಮಾಡ್ಲಿ" ಎಂದು ಅಲ್ಲೇ ಮೋರಿಗೆ ಎಸೆದು ಹೊರಟರು.

ತಿಂಗಳು ತುಂಬುವುದರೊಳಗೆ ಗ್ಲಾಸು ಮತ್ತೆ ನಿಂತಿತು. ನ್ಯಾಮತಿ ಕಡೆಯಿಂದ ಬರುವಾಗ ಗೋವಿನಕೋವಿ ಹತ್ತಿರ ಅರ್ಧ ಏರಿ ನಿಂತು, ಎದುರಿಗೆ ಬಂದ ಎತ್ತಿನ ಗಾಡಿ ಕಾಣದೆ ರಸ್ತೆ ಬದಿಗೆ ಇಳಿದು ಬಿದ್ದರಂತೆ. ಮೊಣಕೈ ತರಚಿತ್ತು. ಅವರು ನನ್ನ ಹತ್ತಿರ ಬರಲಿಲ್ಲ, ಹೊನ್ನಾಳಿಯ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದರು. ಅವನು ಡಬ್ಬಿ ತೆಗೆದು ನೋಡಿ, "ಇದು ಕಂಪನಿ ಗೇರಲ್ಲ" ಅಂದ. ಅಷ್ಟು ಸಾಕಾಯಿತು. ಅಡಿಕೆ ಮಂಡಿಗಳ ಎದುರಿನ ಟೀ ಅಂಗಡಿಯಲ್ಲಿ, ಊರಿನ ಅರ್ಧ ವ್ಯಾಪಾರಸ್ಥರು ಕೂತಿರುವ ಹೊತ್ತಿನಲ್ಲಿ, ನಾನೂ ಅಲ್ಲೇ ಲೋಟ ಹಿಡಿದು ನಿಂತಿರುವಾಗ ಶುರು ಮಾಡಿದರು.

"ನೋಡ್ರಪ್ಪಾ, ಇವ್ನೇ. ನನ್ ಗಾಡಿ ಒರಿಜಿನಲ್ ಗೇರು ಬಿಚ್ಕೊಂಡು ಡೂಪ್ಲಿಕೇಟ್ ತುರುಕಿದಾನೆ. ಇವನ ಹತ್ರ ಗಾಡಿ ಬಿಡೋರು ಎಣಿಸ್ಕೊಂಡ್ ಬಿಡ್ರಿ, ಎಣಿಸ್ಕೊಂಡ್ ತಗೊಳ್ರಿ."

"ಹೇಳಿ ಹಾಕಿದ್ದೀನಿ ಸಾಹುಕಾರ್ರೇ. ಹಳೇದು ನಿಮ್ಮ ಕೈಗೇ ಕೊಟ್ಟಿದ್ದೆ. ಮೋರಿಗೆ ಎಸೆದೋರು ನೀವು."

"ಎಲ್ಲೈತೆ ತೋರ್ಸು ಮತ್ತೆ?"

ಮೋರಿ ಅಷ್ಟು ದಿನ ಕಾಯುತ್ತದೆಯೇ? ನಾನು ಲೋಟವನ್ನು ಕುಕ್ಕಿ ಹೊರಟು ಬಂದೆ. ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅದರ ಫಲ ಬೇಗನೆ ಕಣ್ಣಿಗೆ ಬಿತ್ತು. ನಮ್ಮಲ್ಲಿ ಗಾಡಿ ರಿಪೇರಿಗೆ ತಂದವರು ಕೀಯನ್ನು ಗೋಡೆಯ ಮೊಳೆಗೆ ಹಾಕಿ ಸಂತೆಗೋ ಆಸ್ಪತ್ರೆಗೋ ತಾಲ್ಲೂಕು ಕಚೇರಿಗೋ ಹೋಗಿ, ಕೆಲಸ ಮುಗಿಸಿಕೊಂಡು ಬರುತ್ತಾರೆ. ಹಳ್ಳಿಯಿಂದ ಬಂದವರಿಗೆ ಒಂದೇ ಓಡಾಟದಲ್ಲಿ ಎರಡು ಕೆಲಸ ಆಗುತ್ತದೆ. ನನ್ನ ಗ್ಯಾರೇಜು ನಡೆಯುವುದೇ ಆ ನಂಬಿಕೆಯ ಮೇಲೆ. ಈಗ ಒಬ್ಬೊಬ್ಬರೇ ಬೆಂಚಿನ ಮೇಲೆ ಕೂರತೊಡಗಿದರು. "ಏನಿಲ್ಲ ಅಣ್ಣ, ಇವತ್ತು ಬೇರೆ ಕೆಲ್ಸ ಇಲ್ಲ, ಕೂತಿರ್ತೀನಿ" ಅನ್ನುವುದು, ನನ್ನ ಕೈ ಎಲ್ಲಿ ಹೋದರೆ ಅಲ್ಲಿಗೆ ಕಣ್ಣು ಹಾಯಿಸುವುದು. ಸೂಳೆಕೆರೆ ಕಡೆಯ ಮೀನಿನ ವ್ಯಾಪಾರಿಯೊಬ್ಬರು ವರ್ಷಗಳಿಂದ ತಮ್ಮ ಮೊಪೆಡ್ ಬಿಟ್ಟು ಹೋಗುತ್ತಿದ್ದವರು. ಅವರೂ ಬೆಂಚು ಹಿಡಿದರು. ಪ್ಲಗ್ ಬಿಚ್ಚಿದರೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಒಂದು ಹಳೇ ಮೊಪೆಡ್ಡಿನಲ್ಲಿ ಕದಿಯುವಂಥದ್ದು ಏನಿದೆ? ಕೇಳಬೇಕೆನಿಸಿತು. ಪ್ಲಗ್ಗನ್ನು ಒರೆಸಿ ಮತ್ತೆ ಬಿಗಿದೆ.

ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ನಾನೇ ಕೇಣಿದಾರರ ಮನೆಗೆ ಹೋಗಿ, ಗಾಡಿ ಕೊಡಿ, ಯಾಕೆ ಹೋಯಿತು ಅಂತ ಕಂಡುಹಿಡಿಯುತ್ತೇನೆ ಅಂದೆ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಕೊಯ್ಲಿನ ಕಾಲ, ಗಾಡಿ ಕೊಡುವುದಿಲ್ಲ ಅಂದರು. ಕೊನೆಗೆ ಒಂದು ಒಪ್ಪಂದವಾಯಿತು. ಮೋಟರು, ಗೇರು, ಕೇಬಲ್ಲು, ಹಳಿ ನಾನು ಬಿಚ್ಚಿಕೊಂಡು ಹೋಗುವುದು, ಗ್ಲಾಸನ್ನು ಎರಡು ಪಟ್ಟಿ ಕೊಟ್ಟು ಕೆಳಗಿನ ಮಟ್ಟದಲ್ಲಿ ಬಿಗಿದು ಕೊಡುವುದು. ಬಿಚ್ಚುವಷ್ಟೂ ಹೊತ್ತು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಗೇರು ನೋಡಿ ನನಗೇ ದಿಗಿಲಾಯಿತು. ಅಷ್ಟು ಕಡಿಮೆ ದಿನದಲ್ಲಿ ಅದೇ ಜಾಗದಲ್ಲಿ ಅದೇ ಥರ ಸವೆದಿತ್ತು. ಗೇರೇ ಕಳಪೆ ಇರಬೇಕು ಅಂದುಕೊಂಡು ಹೊನ್ನಾಳಿಯ ಲೇತ್ ಅಂಗಡಿಗೆ ಹೋದೆ. ಲೇತಿನ ಮೇಸ್ತ್ರಿ ನನ್ನ ಹಳೇ ಸ್ನೇಹಿತ.

"ಹಿತ್ತಾಳೇಲಿ ಕಡ್ದು ಕೊಡ್ತೀನಿ ಬಿಡು. ಇನ್ನು ಅವನ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ" ಅಂದ.

ಆ ಮಾತು ಕಿವಿಗೆ ಹಿತವಾಗಿತ್ತು. ಹಳದಿಯಾಗಿ ಹೊಳೆಯುವ ಗೇರನ್ನು ಆ ಮನುಷ್ಯನ ಮುಖಕ್ಕೆ ಹಿಡಿಯುವುದನ್ನು ನೆನೆಸಿಕೊಂಡೇ ಸಾಸ್ವೆಹಳ್ಳಿ ದಾಟಿ ಊರಿಗೆ ಬಂದೆ. ಗ್ಯಾರೇಜಿನ ಮೇಜಿನ ಮೇಲೆ ಇಡೀ ಸೆಟ್ಟು ಜೋಡಿಸಿ, ಬ್ಯಾಟರಿ ಕೊಟ್ಟೆ. ಸೊಗಸಾಗಿ ಓಡಿತು. ಆಮೇಲೆ ಪರೀಕ್ಷೆಗೆ ಅಂತ ಹಳಿಯ ಮೇಲೆ, ಗ್ಲಾಸು ಕೂರುವ ಹಿಡಿ ಇಳಿಯುವ ದಾರಿಯಲ್ಲಿ ಒಂದು ಮರದ ತುಂಡು ಅಡ್ಡ ಇಟ್ಟೆ. ನೈಲಾನಾಗಿದ್ದರೆ ಒತ್ತಡ ಹೆಚ್ಚಾದಾಗ ಹಲ್ಲು ಜಾರಿ ಬಿಟ್ಟುಕೊಡುತ್ತದೆ. ಹಿತ್ತಾಳೆ ಬಿಟ್ಟುಕೊಡಲಿಲ್ಲ. ಮರ ಕಿರ್ ಅಂದಿತು, ಹಳಿಯ ಕೆಳಗಿನ ಹಿಡಿಕೆ ಬಿರುಕು ಬಿಟ್ಟಿತು, ಫ್ಯೂಸು ಹೋಯಿತು. ಅಲ್ಲಿ ಮರದ ಬದಲು ಬೆರಳು ಇದ್ದಿದ್ದರೆ? ಮೊದಲು ಮುರಿಯಬೇಕಾದದ್ದು ಗೇರೇ ಅಂತ ಯೋಚನೆ ಮಾಡಿಯೇ ಅದನ್ನು ನೈಲಾನಿನಲ್ಲಿ ಮಾಡಿರುತ್ತಾರೆ. ಜಗಳದ ಸಿಟ್ಟಿನಲ್ಲಿ ನಾನು ಅದನ್ನೇ ಮರೆತಿದ್ದೆ. ಬಿರುಕು ಬಿಟ್ಟ ಹಿಡಿಕೆಗೆ ತಗಡಿನ ಪಟ್ಟಿ ಕೊಟ್ಟು ಬಿಗಿಯುವ ಇನ್ನೊಂದು ಕೆಲಸ ಮೈಮೇಲೆ ಬಂತು.

ಹಿತ್ತಾಳೆ ಗೇರನ್ನು ಡ್ರಾಯರಿಗೆ ಎಸೆದೆ. ಇನ್ನು ಗೇರು ಬದಲಾಯಿಸುವ ಮಾತೇ ಬೇಡ, ಗೇರನ್ನು ತಿನ್ನುತ್ತಿರುವುದು ಏನು ಅನ್ನುವುದು ಗೊತ್ತಾಗುವ ತನಕ ಒಂದು ಸ್ಕ್ರೂವನ್ನೂ ಬಿಗಿಯುವುದಿಲ್ಲ ಎಂದು ನಿಶ್ಚಯ ಮಾಡಿದೆ.

ಗೇರಿನ ಡಬ್ಬಿಯ ಗ್ರೀಸು, ಕೇಬಲ್ಲಿನ ಬಾಯಿಯ ಗ್ರೀಸು, ಹಳಿಯ ಗ್ರೀಸು ಮೂರನ್ನೂ ಬೇರೆ ಬೇರೆ ಟೀ ಲೋಟದಲ್ಲಿ ಪೆಟ್ರೋಲು ಹಾಕಿ ಕದಡಿ ಇಟ್ಟೆ. ಗ್ರೀಸು ಕರಗಿತು. ಒಂದಿಷ್ಟು ಹೊತ್ತಿನ ಮೇಲೆ ಮೂರು ಲೋಟದ ತಳದಲ್ಲೂ ಪುಡಿ ಕೂತಿತು, ಹಳಿಯ ಲೋಟದಲ್ಲಿ ಎಲ್ಲಕ್ಕಿಂತ ಹೆಚ್ಚು. ರಸ್ತೆಯ ಧೂಳಾಗಿದ್ದರೆ ಕೆಂಪಗಿರಬೇಕಿತ್ತು. ಇದು ಬೆಳ್ಳಗಿತ್ತು. ಒಣಗಿಸಿ ಬೆರಳಲ್ಲಿ ಉಜ್ಜಿದರೆ ಮೇಲೆ ಮೆತ್ತಗೆ, ಉಗುರಿಗೆ ಮಾತ್ರ ಸಣ್ಣಗೆ ಗರಗರ. ಸುಣ್ಣವೇ, ಸಿಮೆಂಟೇ, ಹಿಟ್ಟೇ? ಯಾವುದೂ ಹೊಂದಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ದಿನದಂತೆ ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಿನಿಂದ ತಿಕ್ಕಿದೆ. ಕೈ ಅಲ್ಲೇ ನಿಂತಿತು. ಮೆತ್ತಗೆ, ಉಗುರಿಗೆ ಗರಗರ. ಆ ಗ್ಲಾಸಿನ ಮೇಲಿದ್ದ ಪಟ್ಟೆಯನ್ನು, ಎಲ್ಲರ ಗಾಡಿಗೂ ಇರುವುದೇ ಅಂತ, ನಾನೇ ಒರೆಸಿ ಹಾಕಿದ್ದು ನೆನಪಾಯಿತು. ಹಣೆಗೆ ಹಚ್ಚಿಕೊಂಡವನೇ ತಿಂಡಿಯನ್ನೂ ತಿನ್ನದೆ ಗಾಡಿ ಹತ್ತಿದೆ.

ಊರ ಹೊರಗೆ, ಸೂಳೆಕೆರೆ ರಸ್ತೆಯಲ್ಲಿ ಕೇಣಿದಾರರ ಅಡಿಕೆ ಬೇಯಿಸುವ ಕಣ. ಹಂಡೆಗಳ ಕೆಳಗೆ ಉರಿ ಹಚ್ಚಿದ್ದರು. ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಕೇಣಿದಾರರು ಪಂಚೆ ಉಟ್ಟು, ಬರಿಮೈಯಲ್ಲಿ, ಚೊಂಬು ಹಿಡಿದು ಬೈಕಿನ ಮುಂದೆ ನಿಂತಿದ್ದರು. ಚೊಂಬಿನ ನೀರನ್ನು ಗ್ಲಾಸಿನ ಮೇಲೆ ಹುಯ್ದು, ನಿನ್ನೆಯ ವಿಭೂತಿಯನ್ನು ಅಂಗೈಯಿಂದ ತೊಳೆದರು. ಆ ಬಿಳಿ ನೀರು ನೆಟ್ಟಗೆ ಹರಿದು, ನಾನು ಹಳಿ ಬಿಚ್ಚಿಕೊಂಡಿದ್ದ ಸೀಳಿನೊಳಗೆ ಇಳಿಯಿತು. ಆಮೇಲೆ ಗಟ್ಟಿಯನ್ನು ತಿಕ್ಕಿ, ಗ್ಲಾಸಿನ ನಡುವೆ ಮೂರು ಬೆರಳಿನ ದಪ್ಪ ಪಟ್ಟೆ ಎಳೆದು, ಕಣ್ಣು ಮುಚ್ಚಿ ಕೈ ಮುಗಿದರು.

"ದಿನಾ ಹಿಂಗೇ ಮಾಡ್ತಾರಾ?" ಎಂದು ಹತ್ತಿರ ಕೂತಿದ್ದ ಹೆಂಗಸನ್ನು ಕೇಳಿದೆ.

"ಒಂದಿನ ತಪ್ಸಲ್ಲರೀ. ಗಾಡಿಗೆ ಹಚ್ದೆ ಟೀ ಸೈತ ಕುಡಿಯಲ್ಲ" ಅಂದಳು.

ಕೇಣಿದಾರರು ಕಣ್ಣು ಬಿಟ್ಟಾಗ ಎದುರಿಗೆ ನಾನಿದ್ದೆ.

"ಸಾಹುಕಾರ್ರೇ, ನಿಮ್ಮ ಗೇರು ತಿಂದಿರೋದು ನಾನಲ್ಲ. ಈಬೂತಿ."

"ಏನಂದೆ? ಬೆಳಬೆಳಗ್ಗೆ ಶಿವನ ಮೇಲೆ ತಪ್ಪು ಹೊರ್ಸಾಕೆ ಬಂದೀಯಾ?"

"ನನ್ನ ಹಣೆ ಮೇಲೂ ಐತೆ ನೋಡ್ರಿ. ನನ್ನ ಹಣೆ ಕೆಳಗೆ ಗೇರಿಲ್ಲ. ನಿಮ್ಮ ಗ್ಲಾಸಿನ ಕೆಳಗೆ ಐತೆ."

"ಗಾಡಿಗೆ ಹಣೆ ಅಂದ್ರೆ ಅದೇ ಕಣೋ! ಲಾರಿ ಇಟ್ಟಾಗ್ಲೂ ಮುಂದಿನ ಗ್ಲಾಸಿಗೇ ಹಚ್ತಿದ್ದೆ. ಏನಾಗಿತ್ತು?"

"ಲಾರಿ ಗ್ಲಾಸು ಏರಿ ಇಳಿತಿತ್ತೇನ್ರಿ?"

ಸುಲಿಯುವ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗಬಾರದಿತ್ತು. ಕೇಣಿದಾರರು ಚೊಂಬನ್ನು ನೆಲಕ್ಕೆ ಅಪ್ಪಳಿಸಿ, ನನ್ನ ವಂಶವನ್ನೆಲ್ಲ ಒಂದು ಸುತ್ತು ನೆನೆಸಿದರು. ನಾನೂ ಸುಮ್ಮನಿರಲಿಲ್ಲ. ಅವರ ಹಾರನ್ನಿನಿಂದ ಹಿಡಿದು ಟೀ ಅಂಗಡಿಯ ತನಕ ಎಲ್ಲವನ್ನೂ ಆಡಿದೆ. ಹಂಡೆಯ ಉರಿ ನೋಡುವವನು ಬಂದು ನಡುವೆ ನಿಲ್ಲಬೇಕಾಯಿತು.

ದನಿ ತಗ್ಗಿದ ಮೇಲೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದೆ. ಹಳಿಯಿಂದ ಕೆರೆದ ಬೂದು ಗ್ರೀಸು ಅದರಲ್ಲಿತ್ತು. "ನಿಮ್ಮ ಕನ್ನಡಕ ಕೊಡ್ರಿ, ಅದು ಏನ್ ಮಾಡ್ತೈತೆ ತೋರಿಸ್ತೀನಿ" ಅಂದೆ. ಕೊಡಲಿಲ್ಲ. ನನ್ನ ಮೊಬೈಲಿನ ಹಿಂಭಾಗದ ಮೇಲೆಯೇ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ ಒರೆಸಿದೆ. ಹೊಳೆಯುತ್ತಿದ್ದ ಪ್ಲಾಸ್ಟಿಕ್ಕಿನ ಮೇಲೆ ಗೀರು ಗೀರು ಮಂಕು ಮಚ್ಚೆ ಎದ್ದಿತು. ಗ್ರೀಸಿಗೆ ಈ ಪುಡಿ ಸೇರಿದರೆ ಅದು ಜಾರಿಸುವುದನ್ನು ಬಿಟ್ಟು ಅರೆಯಲು ಶುರು ಮಾಡುತ್ತದೆ ಎಂದು ಹೇಳಿದೆ. ಅವರು ಮೊಬೈಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಾನು ಗೆದ್ದೆ ಅಂದುಕೊಂಡೆ.

"ಗಾಡಿ ತಗೊಂಡ್ ಹೋಗು. ಬಾಯಿ ಮುಚ್ಕೊಂಡು ಮಾಡು" ಅಂದರು. ಅಷ್ಟೇ.

ಹಳಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಯನ್ನೆಲ್ಲ ತಿಕ್ಕಿ, ಗಾಳಿ ಹೊಡೆದು ಒಣಗಿಸಿದೆ. ಕೇಬಲ್ಲನ್ನು ಹೊರಗೆಳೆದು ಉದ್ದಕ್ಕೂ ಒರೆಸಿದರೆ ಬಟ್ಟೆಗೆ ಬಟ್ಟೆಯೇ ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ಹೊಸ ನೈಲಾನ್ ಗೇರನ್ನೇ ತರಿಸಿ ಹಾಕಿದೆ. ಈ ಸಲ ದಪ್ಪ ಗ್ರೀಸು ಮೆತ್ತಲಿಲ್ಲ, ಧೂಳು ಹಿಡಿಯದ ಸಿಲಿಕಾನ್ ಗ್ರೀಸನ್ನು ತೆಳ್ಳಗೆ ಸವರಿದೆ. ಸೈಕಲ್ ಟ್ಯೂಬು ಕತ್ತರಿಸಿ ಸೀಳಿಗೆ ಎರಡು ತುಟಿಯ ಹಾಗೆ ಅಂಟಿಸಿದೆ, ನೀರು ಒಳಗಿಳಿಯದೆ ಪಕ್ಕಕ್ಕೆ ಹೋಗಲಿ ಅಂತ. ಮೊದಲ ಸಲ ತುಟಿ ದಪ್ಪವಾಗಿ ಗ್ಲಾಸನ್ನೇ ಹಿಡಿದು ನಿಲ್ಲಿಸಿತು, ಕಿತ್ತು ತೆಳು ಟ್ಯೂಬು ಹಾಕಿದೆ. ಕೊನೆಗೆ ಬಟನ್ ಒತ್ತಿ ಹಿಡಿದು ಗ್ಲಾಸನ್ನು ಪೂರ್ತಿ ತಳಕ್ಕೆ ಇಳಿಸಿ, ಪೂರ್ತಿ ತುದಿಗೆ ಏರಿಸಿ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೋಟರಿಗೆ ಮತ್ತೆ ಕಲಿಸಿದೆ. ಜಗಳೂರು ರಸ್ತೆಗೆ ಒಯ್ದು ಗಾಳಿಗೆ ಎದುರಾಗಿ ಏರಿಸಿ ಇಳಿಸಿ ನೋಡಿದೆ. ಒಂದೇ ಸಮ ಓಡಿತು.

ಗಾಡಿ ಒಯ್ಯಲು ಬಂದವರಿಗೆ, "ಟೀ ಅಂಗಡೀಲಿ ಆಡಿದ ಮಾತು ವಾಪಸ್ ತಗೊಳ್ರಿ" ಅಂದೆ.

"ಗ್ಲಾಸು ಏರ್ತೈತಲ್ಲ, ಸಾಕು" ಎಂದು ಕೀ ತಿರುಗಿಸಿ ಹೊರಟರು.

ಬೆಂಚು ಖಾಲಿಯಾಗಲಿಲ್ಲ. ಜನಕ್ಕೆ ಗೇರಿನ ಕಥೆ ಯಾರು ಹೇಳುತ್ತಾರೆ? ನಾನು ಹೇಳಿದರೆ ಕಳ್ಳನ ಸಬೂಬು ಅನ್ನುತ್ತಾರೆ. ಕೊಯ್ಲು ಮುಗಿಯುತ್ತಾ ಬಂದರೂ ಗಿರಾಕಿಗಳು ಬರುತ್ತಿದ್ದರು, ಕೂರುತ್ತಿದ್ದರು, ನೋಡುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು.

ಒಂದು ಸಂತೆಯ ದಿನ, ಬೆಂಚಿನ ತುಂಬ ಜನ ಇದ್ದಾಗ, ಆ ಬೈಕು ಬಂತು. ಹಾರನ್ ಹೊಡೆಯಲಿಲ್ಲ. ಕೇಣಿದಾರರು ಅದನ್ನು ತಳ್ಳಿಕೊಂಡೇ ಒಳಗೆ ತಂದು, ನನ್ನ ಮೇಜಿನ ಪಕ್ಕ ಸ್ಟ್ಯಾಂಡ್ ಹಾಕಿದರು. ಗ್ಲಾಸು ಸ್ವಚ್ಛವಾಗಿತ್ತು. ಮೂರು ಪಟ್ಟೆ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು.

"ಸರ್ವಿಸ್ ಮಾಡು. ಗ್ಲಾಸಿಂದೂ ಬಿಚ್ಚಿ ನೋಡು."

"ಕೂತ್ಕೊಳ್ರಿ. ನಿಮ್ಮೆದುರಿಗೇ ಬಿಚ್ತೀನಿ. ಎಣಿಸ್ಕೊಂಡ್ ತಗೊಂಡ್ ಹೋಗೋರಂತೆ."

ಅವರು ಬೆಂಚಿನ ಕಡೆ ನೋಡಿದರು. ಬೆಂಚಿನವರೆಲ್ಲ ಅವರನ್ನೇ ನೋಡುತ್ತಿದ್ದರು. ಕೀಯನ್ನು ಗೋಡೆಯ ಮೊಳೆಗೆ ಹಾಕಿ, ಬೆಂಚಿಗೆ ಕೇಳುವ ಹಾಗೆ ಹೇಳಿದರು, "ಇವನು ಗೇರು ಕದ್ದಿರ್ಲಿಲ್ಲ. ತಪ್ಪು ನಂದೇ ಇತ್ತು. ಬಾಯಿ ಮಾತ್ರ ಬಾಳ ಕೆಟ್ಟದ್ದು ಇವ್ನುದು." ನನ್ನ ಕಡೆ ತಿರುಗದೆ ಮಂಡಿಯ ದಿಕ್ಕಿಗೆ ನಡೆದು ಹೋದರು.

ನನಗೆ ಅವರ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಆ ಮನುಷ್ಯ ಎಲ್ಲರ ಎದುರಿಗೇ ಆಡಿದ ಮಾತನ್ನು ಎಲ್ಲರ ಎದುರಿಗೇ ನುಂಗಿದ. ಬೆಂಚಿನವರು ಯಾವುದನ್ನೂ ಬಾಯಿಬಿಟ್ಟು ಆಡಿರಲಿಲ್ಲ, ಹಾಗಾಗಿ ನುಂಗುವ ಕಷ್ಟವೂ ಅವರಿಗಿರಲಿಲ್ಲ. ಒಬ್ಬರು ಕೆಮ್ಮಿದರು. ಮೀನಿನ ವ್ಯಾಪಾರಿ ಎದ್ದು ನಿಂತು, ಮೊಪೆಡ್ಡಿನ ಕೀಯನ್ನು ನನ್ನ ಮುಂದೆ ಹಿಡಿದರು.

"ಅಣ್ಣಾ, ನಾನೂ ಸಂತೆಗೆ ಹೋಗಿ ಬಂದ್ಬಿಡ್ತೀನಿ. ಕೀ ಇಲ್ಲೇ ಇಟ್ಟಿರ್ತೀನಿ."

"ಕೂತ್ಕೊಳ್ರಿ" ಅಂದೆ.

"ಇಲ್ಲಣ್ಣ, ನೀನು ಮಾಡು ನಿನ್ ಪಾಡಿಗೆ..."

"ಕೂತ್ಕೊಳ್ರಿ ಅಂದ್ನಲ್ಲ. ಇಷ್ಟು ದಿನ ಕಾವಲು ಕೂತಿದ್ರಿ. ಇವತ್ತೂ ಪೂರ್ತಿ ನೋಡ್ಕೊಂಡೇ ಹೋಗ್ರಿ."

ಅವರು ಕೂತರು. ಮಿಕ್ಕವರೂ ಏಳಲಿಲ್ಲ. ನಾನು ಮೊಪೆಡ್ಡಿನ ಒಂದೊಂದು ಸ್ಕ್ರೂವನ್ನೂ ಬಿಚ್ಚಿ, ಅವರ ಮುಖದ ಮುಂದೆ ಹಿಡಿದು ತೋರಿಸಿ, ಆಮೇಲೆ ತಟ್ಟೆಗೆ ಹಾಕಿದೆ.